ಮಿದುಳು ಗಡ್ಡೆಯ ಶಸ್ತ್ರಚಿಕಿತ್ಸೆಯಲ್ಲಿ ರಕ್ತ ಹೆಪ್ಪುಗಟ್ಟುವಿಕೆಯ ನಿರ್ವಹಣೆ: ಗಂಟೆಗಳ ಲೆಕ್ಕ

ಮಿದುಳಿನ ಗಡ್ಡೆ ತೆಗೆಸಿಕೊಳ್ಳಲು ದಾಖಲಾದ ರೋಗಿಯ ರಕ್ತದ ವಿಚಾರದಲ್ಲಿ ನಮಗೆ ಎರಡು ಕಡೆಯಿಂದ ಭಯ. ತಲೆಬುರುಡೆಯೊಳಗೆ ಜಿನುಗುವ ರಕ್ತ ನಿಲ್ಲದಿದ್ದರೆ ಮಿದುಳು ಅದುಮಿಹೋಗುತ್ತದೆ. ಕಾಲಿನ ಅಭಿಧಮನಿಯಲ್ಲಿ ಹೆಪ್ಪುಗಟ್ಟಿದ ಗರಣೆ ಮೇಲೆದ್ದು ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡರೆ ಜೀವಕ್ಕೇ ಕುತ್ತು. ಹೊಟ್ಟೆಯೊಳಗೆ ಒಂದಿಷ್ಟು ರಕ್ತ ಉಳಿದರೆ ದೇಹ ಅದಕ್ಕೆ ಹೇಗೋ ಜಾಗ ಮಾಡಿಕೊಡುತ್ತದೆ. ತಲೆಬುರುಡೆಗೆ ಆ ಔದಾರ್ಯವಿಲ್ಲ.

ನಾನು ನರಶಸ್ತ್ರಚಿಕಿತ್ಸೆಗೆ ಅರಿವಳಿಕೆ ಕೊಡುವವಳು. ಕಿರಿಯ ವೈದ್ಯರು ಬಂದು ಸಾಮಾನ್ಯವಾಗಿ ಕೇಳುವುದು ‘ಏನು ಕೊಡಬೇಕು?’ ಎಂದು. ನಾನು ತಿರುಗಿ ಕೇಳುವುದು ‘ಎಷ್ಟು ಗಂಟೆಗೆ?’ ಎಂದು. ಇಲ್ಲಿ ಬಳಸುವ ಔಷಧಗಳ ಪಟ್ಟಿ ಚಿಕ್ಕದು, ಹೆಚ್ಚಿನವರಿಗೆ ಬಾಯಿಪಾಠ. ಎಡವುವುದು ಹೊತ್ತಿನ ವಿಚಾರದಲ್ಲಿ. ರಕ್ತ ತೆಳುವಾಗಿಸುವ ಕೊನೆಯ ಮಾತ್ರೆ ನುಂಗಿದ್ದು ಯಾವಾಗ, ಹೆಪ್ಪುಗಟ್ಟುವುದನ್ನು ತಡೆಯುವ ಹೆಪಾರಿನ್ ಅನ್ನು ಮೊದಲ ಸಲ ಚುಚ್ಚುವುದು ಯಾವಾಗ, ಹಳೆಯ ಮಾತ್ರೆಯನ್ನು ಮರಳಿ ಕೊಡುವುದು ಎಂದು? ಈ ಮೂರೂ ರೋಗಿಯ ಕಡತದಲ್ಲಿ ತಾರೀಖು, ಗಂಟೆ ಮತ್ತು ತೀರ್ಮಾನಿಸಿದವರ ಹೆಸರಿನೊಂದಿಗೆ ಇರಬೇಕು. ರೋಗಿಯ ಮನೆಯವರು ಇದನ್ನು ಓದುತ್ತಿದ್ದರೆ ವೈದ್ಯರನ್ನು ಪ್ರಶ್ನೆ ಕೇಳಲು ಬಳಸಿಕೊಳ್ಳಿ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಲು ಬಳಸಬೇಡಿ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಹಾಗೆ ನಿಲ್ಲಿಸಿದರೆ ಸ್ಟೆಂಟೇ ಮುಚ್ಚಿಕೊಂಡು ಹೃದಯಾಘಾತವಾಗಬಹುದು.

ಗಡ್ಡೆಯೇ ರಕ್ತವನ್ನು ಕೆಣಕುತ್ತದೆ

ಹಾಸಿಗೆಯಲ್ಲಿ ಮಲಗಿದ್ದಕ್ಕೆ ಹೆಪ್ಪುಗಟ್ಟಿತು ಎಂದು ಹೇಳಿ ಮುಗಿಸುವವರಿದ್ದಾರೆ. ಅದು ಅರ್ಧ ಸತ್ಯ. ಮಿದುಳಿನ ಪೋಷಕ ಕೋಶಗಳಿಂದ ಹುಟ್ಟುವ ಗ್ಲಿಯೋಮಾ ಜಾತಿಯ ಗಡ್ಡೆಗಳ ಕೋಶಗಳ ಮೇಲೆ ಪೋಡೋಪ್ಲಾನಿನ್ ಎಂಬ ಪ್ರೋಟೀನ್ ಇರುತ್ತದೆ. ಅದು ರಕ್ತ ನಿಲ್ಲಿಸುವ ಸಣ್ಣ ಕಣಗಳಾದ ಪ್ಲೇಟ್‌ಲೆಟ್‌ಗಳನ್ನು ಹಿಡಿದು ಒಂದಕ್ಕೊಂದು ಅಂಟಿಸುತ್ತದೆ. ಟಿಶ್ಯೂ ಫ್ಯಾಕ್ಟರ್ ಎಂಬ ಇನ್ನೊಂದು ಪ್ರೋಟೀನ್ ಹೆಪ್ಪುಗಟ್ಟುವ ಸರಪಳಿಗೆ ಚಾಲನೆ ಕೊಡುತ್ತದೆ. ಆರೋಗ್ಯವಂತ ಮಿದುಳಿನಲ್ಲೂ ಇದು ಧಾರಾಳವಾಗಿದೆ. ಇವುಗಳ ಮೇಲೆ ಒಂದು ಕೈಕಾಲು ಸ್ವಾಧೀನ ತಪ್ಪಿರುವುದು, ಊತ ಇಳಿಸಲು ಕೊಡುವ ಡೆಕ್ಸಾಮೆಥಾಸೋನ್, ಗಂಟೆಗಟ್ಟಲೆ ನಡೆಯುವ ಶಸ್ತ್ರಚಿಕಿತ್ಸೆ, ಆಮೇಲಿನ ಕೀಮೋಥೆರಪಿ ಎಲ್ಲವೂ ಸೇರಿಕೊಳ್ಳುತ್ತವೆ. ಗ್ಲಿಯೋಮಾಗಳಲ್ಲೇ ಅತಿ ಉಗ್ರವಾದ ಗ್ಲಿಯೋಬ್ಲಾಸ್ಟೋಮಾ ಇರುವವರಲ್ಲಿ ಕಾಯಿಲೆಯ ಒಟ್ಟು ಅವಧಿಯಲ್ಲಿ ನೂರಕ್ಕೆ 20ರಿಂದ 30 ಮಂದಿಗೆ ಕಾಲಿನಲ್ಲೋ ಶ್ವಾಸಕೋಶದಲ್ಲೋ ಗರಣೆ ಕಾಣಿಸಿಕೊಳ್ಳುತ್ತದೆ. ಐಡಿಎಚ್ ಜೀನ್ ಬದಲಾವಣೆ ಇರುವ ಗ್ಲಿಯೋಮಾಗಳಲ್ಲಿ ಈ ಕಾಟ ಕಡಿಮೆ. ಮಿದುಳಿನ ಹೊದಿಕೆಯಲ್ಲಿ ಹುಟ್ಟುವ ಮೆನಿಂಜಿಯೋಮಾ ಸಾಮಾನ್ಯವಾಗಿ ಕ್ಯಾನ್ಸರ್ ಅಲ್ಲವೆಂದು ಮೈಮರೆಯುವಂತಿಲ್ಲ. ಮೇಜಿನ ಮೇಲೆ ಧಾರಾಳವಾಗಿ ರಕ್ತ ಸುರಿಸುವುದೂ ಅದೇ, ಆಮೇಲೆ ಕಾಲಿನಲ್ಲಿ ಗರಣೆ ಕಟ್ಟಿಸುವುದೂ ಅದೇ.

ಮಾತ್ರೆಯ ಪಟ್ಟಿಯನ್ನು ಕೈಯಲ್ಲಿ ಹಿಡಿದು ಓದಿ

‘ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತೀರಾ?’ ಎಂಬ ಪ್ರಶ್ನೆಯನ್ನು ನಾನು ಬಿಟ್ಟುಬಿಟ್ಟಿದ್ದೇನೆ. ಅದಕ್ಕೆ ಬರುವ ಉತ್ತರವನ್ನು ನಂಬುವಂತಿಲ್ಲ.

“ಅಂಥದ್ದೇನೂ ಇಲ್ಲ ಮೇಡಂ. ಬಿಪಿ ಮಾತ್ರೆ, ಕೊಲೆಸ್ಟರಾಲ್ ಮಾತ್ರೆ, ಅಷ್ಟೇ,” ಎಂದರು ಮೆನಿಂಜಿಯೋಮಾಕ್ಕೆ ದಾಖಲಾಗಿದ್ದ ಒಬ್ಬ ಹಿರಿಯರು.

“ಅಮ್ಮ, ಆ ಮಾತ್ರೆಗಳನ್ನು ಸ್ವಲ್ಪ ತೋರಿಸುತ್ತೀರಾ?” ಎಂದು ಪಕ್ಕದಲ್ಲಿದ್ದ ಅವರ ಹೆಂಡತಿಯನ್ನು ಕೇಳಿದೆ. ಅವರು ಚೀಲದಿಂದ ತೆಗೆದುಕೊಟ್ಟ ಕ್ಯಾಪ್ಸೂಲಿನ ಹಾಳೆಯ ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ ಎರಡು ಹೆಸರುಗಳಿದ್ದವು: ಅಟೋರ್ವಾಸ್ಟಾಟಿನ್ 10, ಆಸ್ಪಿರಿನ್ 75 ಮಿಲಿಗ್ರಾಂ.

“ಇದನ್ನು ಕೊನೆಯ ಸಲ ಕೊಟ್ಟದ್ದು ಯಾವಾಗಮ್ಮ?”

“ನಿನ್ನೆ ರಾತ್ರಿ ಊಟವಾದ ಮೇಲೆ. ನಾನೇ ಕೊಟ್ಟೆ.”

ಶಸ್ತ್ರಚಿಕಿತ್ಸೆ ಮರುದಿನ ಬೆಳಿಗ್ಗೆಗೆ ನಿಗದಿಯಾಗಿತ್ತು. ನಿಧಾನವಾಗಿ ಬೆಳೆಯುವ ಗಡ್ಡೆ, ರೋಗಿ ಎಚ್ಚರವಾಗಿದ್ದರು, ಹೃದಯ ತಜ್ಞರ ಅಭ್ಯಂತರವೂ ಇರಲಿಲ್ಲ. ಒಂದು ವಾರ ಮುಂದೂಡಿದೆವು. ಹಾಗಾಗಿ ಹೆಸರು ಕೇಳುವ ಬದಲು ಹಾಳೆಯನ್ನೇ ತರಿಸಿಕೊಂಡು ಓದಿ. ಮಂಡಿನೋವಿಗೆ ಅಂಗಡಿಯಿಂದ ತಂದ ನೋವಿನ ಮಾತ್ರೆ, ಮೀನೆಣ್ಣೆ, ಬೆಳ್ಳುಳ್ಳಿ ಅಥವಾ ಗಿಂಕ್ಗೋ ಕ್ಯಾಪ್ಸೂಲುಗಳನ್ನು ಜನ ಔಷಧವೆಂದೇ ಎಣಿಸುವುದಿಲ್ಲ. ಅವನ್ನು ಹೆಸರು ಹಿಡಿದೇ ಕೇಳಬೇಕು.

ಇದರ ಜೊತೆಗೇ ರಕ್ತಸ್ರಾವದ ಹಿನ್ನೆಲೆ. ಹಲ್ಲು ಕೀಳಿಸಿದಾಗ ಮರುದಿನವೂ ರಕ್ತ ಬರುತ್ತಿತ್ತೇ? ಮುಟ್ಟಿನಲ್ಲಿ ಗಡ್ಡೆಗಡ್ಡೆಯಾಗಿ ಹೋಗುತ್ತದೆಯೇ? ಹೆರಿಗೆಯಲ್ಲಿ ರಕ್ತ ಕೊಡಬೇಕಾಯಿತೇ? ಏಟು ಬೀಳದೆಯೂ ಮೈಮೇಲೆ ನೀಲಿ ಕಲೆ ಏಳುತ್ತದೆಯೇ? ಮನೆಯಲ್ಲಿ ಇನ್ನಾರಿಗಾದರೂ ಹೀಗಿದೆಯೇ? ‘ಪಿಟಿ, ಎಪಿಟಿಟಿ ನಾರ್ಮಲ್ ಇದೆ’ ಎಂದು ಹೆಪ್ಪುಗಟ್ಟುವ ಹೊತ್ತನ್ನು ಅಳೆಯುವ ಪರೀಕ್ಷೆಗಳನ್ನು ತೋರಿಸಿ ಈ ಪ್ರಶ್ನೆಗಳನ್ನು ಹಾರಿಸುವವರ ಮೇಲೆ ನನಗೆ ಸಿಟ್ಟು ಬರುತ್ತದೆ. ಪ್ಲೇಟ್‌ಲೆಟ್ ಸರಿಯಾಗಿ ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂಬುದನ್ನು ಆ ಪರೀಕ್ಷೆಗಳು ತೋರಿಸುವುದೇ ಇಲ್ಲ. ರಕ್ತ ಬೇಗ ನಿಲ್ಲದ ಫಾನ್ ವಿಲ್ಲೆಬ್ರಾಂಡ್ ಕಾಯಿಲೆಯ ಸೌಮ್ಯ ರೂಪ ಅವುಗಳ ಕಣ್ಣು ತಪ್ಪಿಸಬಹುದು. ಹೆಪ್ಪನ್ನು ಗಟ್ಟಿಮಾಡುವ 13ನೇ ಫ್ಯಾಕ್ಟರ್ ಕೊರತೆಯಿದ್ದರೂ ಎರಡೂ ಸರಿಯಾಗಿಯೇ ಬರುತ್ತವೆ; ರಕ್ತ ಮೊದಲು ನಿಂತು, ಒಂದೆರಡು ದಿನ ಬಿಟ್ಟು ಮತ್ತೆ ಒಸರುತ್ತದೆ.

ಯಾವುದನ್ನು ಎಷ್ಟು ಮೊದಲು

ಆಸ್ಪಿರಿನ್ ಒಮ್ಮೆ ಮುಟ್ಟಿದ ಪ್ಲೇಟ್‌ಲೆಟ್ ಸಾಯುವವರೆಗೂ ಕೆಲಸಕ್ಕೆ ಬಾರದು, ಅದರ ಆಯಸ್ಸು 7ರಿಂದ 10 ದಿನ. ಆದ್ದರಿಂದ 7 ದಿನ ಮೊದಲು ನಿಲ್ಲಿಸುವುದು ರೂಢಿ. ಪ್ಲೇಟ್‌ಲೆಟ್ ತಡೆಯುವ ಇತರ ಮಾತ್ರೆಗಳಲ್ಲಿ ಪ್ರಾಸುಗ್ರೆಲ್‌ಗೂ ಅಷ್ಟೇ. ಕ್ಲೋಪಿಡೋಗ್ರೆಲ್‌ಗೆ 5ರಿಂದ 7 ದಿನ, ಟಿಕಾಗ್ರೆಲಾರ್‌ಗೆ 3ರಿಂದ 5 ದಿನ. ವಾರ್ಫರಿನ್ 5 ದಿನ ಮೊದಲು ನಿಲ್ಲಿಸಿ, ಹಿಂದಿನ ದಿನ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತಿದೆ ಎಂದು ಹೇಳುವ ಅಂಕಿ) ನೋಡಬೇಕು. ಇನ್ನೂ ಹೆಚ್ಚಿದ್ದರೆ ಬಾಯಿಯ ಮೂಲಕ 1ರಿಂದ 2 ಮಿಲಿಗ್ರಾಂ ವಿಟಮಿನ್ ಕೆ. ಹೆಪ್ಪುಗಟ್ಟುವುದನ್ನು ತಡೆಯುವ ಹೊಸ ಮಾತ್ರೆಗಳಾದ ಅಪಿಕ್ಸಾಬಾನ್, ರಿವರಾಕ್ಸಾಬಾನ್‌ಗಳಿಗೆ ಮೂತ್ರಪಿಂಡ ಚೆನ್ನಾಗಿದ್ದರೆ ಕನಿಷ್ಠ 48 ಗಂಟೆ ಸಾಕೆನ್ನುತ್ತಾರೆ; ಮಿದುಳಿನ ಕೆಲಸಕ್ಕೆ ನಾನು 72 ಗಂಟೆ ಕೇಳುತ್ತೇನೆ. ಇದೇ ಕೆಲಸದ ಡಾಬಿಗಟ್ರಾನ್ ಬಹುಪಾಲು ಮೂತ್ರಪಿಂಡದ ಮೂಲಕವೇ ಹೊರಹೋಗಬೇಕಾದ್ದರಿಂದ, ಮೂತ್ರಪಿಂಡ ಸೋತು ಕ್ರಿಯಾಟಿನಿನ್ ಏರಿದವರಲ್ಲಿ 4 ದಿನವೋ ಅದಕ್ಕಿಂತ ಹೆಚ್ಚೋ ಬೇಕಾಗುತ್ತದೆ. ಹೆಪಾರಿನ್ ಜಾತಿಯ ಚುಚ್ಚುಮದ್ದಾದ ಎನಾಕ್ಸಾಪರಿನ್ ಪೂರ್ಣ ಪ್ರಮಾಣದ್ದಾದರೆ 24 ಗಂಟೆ, ತಡೆಗಾಗಿ ಕೊಡುವ ಸಣ್ಣ ಪ್ರಮಾಣವಾದರೆ 12 ಗಂಟೆ, ಡ್ರಿಪ್ಪಿನಲ್ಲಿ ಹೋಗುವ ಹೆಪಾರಿನ್ ಆದರೆ 4ರಿಂದ 6 ಗಂಟೆ.

ವಾರ್ಫರಿನ್ ನಿಲ್ಲಿಸಿದ ತಕ್ಷಣ ಎಲ್ಲರಿಗೂ ನಡುವಿನ ದಿನಗಳಲ್ಲಿ ಹೆಪಾರಿನ್ ಚುಚ್ಚುವ ಹಳೆಯ ಚಾಳಿಯನ್ನು ಬಿಡಬೇಕು. ಹೃದಯದ ಬಡಿತ ತಾಳ ತಪ್ಪಿದೆ ಎಂಬ ಒಂದೇ ಕಾರಣಕ್ಕೆ ವಾರ್ಫರಿನ್ ತಿನ್ನುವ ಬಹುಪಾಲು ಜನರಿಗೆ ಅದು ಬೇಕಿಲ್ಲ. ಲೋಹದ ಕವಾಟ, ಅದರಲ್ಲೂ ಮೈಟ್ರಲ್ ಕವಾಟ ಇರುವವರಿಗೆ, ಕಳೆದ 3 ತಿಂಗಳಲ್ಲಿ ಗರಣೆಯೋ ಪಾರ್ಶ್ವವಾಯುವೋ ಆದವರಿಗೆ ಬೇಕಾಗಬಹುದು. ಇತ್ತೀಚೆಗೆ ಸ್ಟೆಂಟ್ ಹಾಕಿಸಿಕೊಂಡವರದ್ದು ಇನ್ನೂ ಕಷ್ಟದ ಲೆಕ್ಕ. ಹೃದಯ ತಜ್ಞರು, ಶಸ್ತ್ರಚಿಕಿತ್ಸಕರು, ನಾವು ಮೂವರೂ ಒಂದೇ ಮೇಜಿನ ಮುಂದೆ ಕೂತು ತೀರ್ಮಾನಿಸಬೇಕು. ಕಾಗದದಲ್ಲಿ ‘ಅಭಿಪ್ರಾಯ ಕೋರಿದೆ’, ‘ಅಭ್ಯಂತರವಿಲ್ಲ’ ಎಂದು ಬರೆದು ದಾಟಿಸುವುದರಿಂದ ಯಾರೂ ಏನನ್ನೂ ತೀರ್ಮಾನಿಸಿದಂತಾಗುವುದಿಲ್ಲ. ಕಾಯಬಹುದಾದರೆ ಕಾಯುವುದು, ಕಾಯಲಾಗದಿದ್ದರೆ ಬಹುತೇಕ ಆಸ್ಪಿರಿನ್ ಒಂದನ್ನೇ ಉಳಿಸಿಕೊಂಡು ಮುಂದುವರಿಯುವುದು.

ತುರ್ತಾಗಿ ತಲೆ ತೆರೆಯಬೇಕಾದಾಗ ದಿನಗಳ ಲೆಕ್ಕ ನಡೆಯದು. ವಾರ್ಫರಿನ್‌ಗೆ ಪ್ರೋಥ್ರಾಂಬಿನ್ ಕಾಂಪ್ಲೆಕ್ಸ್ (ಹೆಪ್ಪುಗಟ್ಟಿಸುವ ಫ್ಯಾಕ್ಟರ್‌ಗಳ ಸಾಂದ್ರ ಮಿಶ್ರಣ) ಕೊಟ್ಟರೆ ನಿಮಿಷಗಳಲ್ಲಿ ಐಎನ್‌ಆರ್ ಇಳಿಯುತ್ತದೆ, ಆದರೆ ಅದರ ಪ್ರಭಾವ ಗಂಟೆಗಳಲ್ಲೇ ಕರಗುತ್ತದೆ. ಜೊತೆಗೆ ರಕ್ತನಾಳದ ಮೂಲಕ 5ರಿಂದ 10 ಮಿಲಿಗ್ರಾಂ ವಿಟಮಿನ್ ಕೆ ಕೊಡದಿದ್ದರೆ ನಡುರಾತ್ರಿ ಐಎನ್‌ಆರ್ ಮತ್ತೆ ಏರಿ ಕೂರುತ್ತದೆ. ಮಂಜುಗಟ್ಟಿಸಿಟ್ಟ ಪ್ಲಾಸ್ಮಾ (ರಕ್ತದ ದ್ರವಭಾಗ) ಕರಗಿಸಿ ಏರಿಸುವುದಕ್ಕೆ ಹೊತ್ತು ಹಿಡಿಯುತ್ತದೆ, ದ್ರವವೂ ಬಹಳ. ಡಾಬಿಗಟ್ರಾನ್‌ಗೆ ಇಡಾರುಸಿಜುಮ್ಯಾಬ್ ಎಂಬ ಪ್ರತ್ಯೌಷಧವಿದೆ. ಆಸ್ಪಿರಿನ್ ಮೇಲಿರುವವರಿಗೆ ಪ್ಲೇಟ್‌ಲೆಟ್ ಕೊಡುವುದರಲ್ಲಿ ಅರ್ಥವಿದೆ. ಟಿಕಾಗ್ರೆಲಾರ್ ರಕ್ತದಲ್ಲಿ ಇನ್ನೂ ಓಡಾಡುತ್ತಿರುವಾಗ ಕೊಟ್ಟರೆ ಹೊಸ ಪ್ಲೇಟ್‌ಲೆಟ್‌ಗಳೂ ಅದರ ಕೈಗೇ ಸಿಕ್ಕಿಬೀಳುತ್ತವೆ.

ಗಡ್ಡೆಯ ರೋಗಿಗಳಲ್ಲಿ ಮರೆಯಲೇಬಾರದ ಮೂರು ಔಷಧಗಳಿವೆ. ಫಿಟ್ಸ್‌ಗೆ ಕೊಡುವ ವಾಲ್‌ಪ್ರೊಯೇಟ್ ಪ್ಲೇಟ್‌ಲೆಟ್ ಎಣಿಕೆಯನ್ನೂ ಅದರ ಕೆಲಸವನ್ನೂ ತಗ್ಗಿಸಬಲ್ಲದು, ಹೆಪ್ಪಿನ ಎಳೆ ಹೆಣೆಯುವ ಫೈಬ್ರಿನೋಜನ್ ಪ್ರೋಟೀನನ್ನೂ ಇಳಿಸಬಲ್ಲದು. ಫಿಟ್ಸ್ ನಿಯಂತ್ರಣದಲ್ಲಿರುವ ರೋಗಿಯಲ್ಲಿ ಅದನ್ನು ಅವಸರದಲ್ಲಿ ಕಿತ್ತುಹಾಕುವುದೂ ತಪ್ಪು. ಸಮಯವಿದ್ದರೆ ನರರೋಗ ತಜ್ಞರ ಜೊತೆ ಮಾತಾಡಿ ಲೆವೆಟಿರಾಸೆಟಾಮ್‌ಗೆ ಬದಲಿಸಬಹುದು, ಇಲ್ಲವಾದರೆ ಪ್ಲೇಟ್‌ಲೆಟ್, ಫೈಬ್ರಿನೋಜನ್ ನೋಡಿಕೊಂಡು ಸಿದ್ಧವಾಗಿರಬೇಕು. ಮರುಕಳಿಸಿದ ಗಡ್ಡೆಗೆ ಎರಡನೇ ಸಲ ಬರುವವರು ಪ್ಲೇಟ್‌ಲೆಟ್ ಇಳಿಸಬಲ್ಲ ಟೆಮೊಜೊಲೊಮೈಡ್ ಕೀಮೋಥೆರಪಿ ತೆಗೆದುಕೊಂಡಿರುತ್ತಾರೆ. ಪ್ಲೇಟ್‌ಲೆಟ್ ಎಣಿಕೆ ಹೊಸದಾಗಿಯೇ ಆಗಬೇಕು, ಹೋದ ತಿಂಗಳ ಚೀಟಿ ಸಲ್ಲದು. ಗಡ್ಡೆಗೆ ಹೊಸ ರಕ್ತನಾಳ ಬೆಳೆಯದಂತೆ ತಡೆಯುವ ಬೆವಾಸಿಜುಮ್ಯಾಬ್ ಪಡೆದಿದ್ದರೆ ಕನಿಷ್ಠ 28 ದಿನ ಬಿಟ್ಟು ಶಸ್ತ್ರಚಿಕಿತ್ಸೆ. ಅದು ರಕ್ತ ಸುರಿಸುತ್ತದೆ, ಹೆಪ್ಪೂ ಗಟ್ಟಿಸುತ್ತದೆ, ಗಾಯ ಕೂಡದಂತೆಯೂ ಮಾಡುತ್ತದೆ.

ಹಿಂದಿನ ದಿನ ನನಗೆ ಬೇಕಾದ ಅಂಕಿಗಳು ಇಷ್ಟು: ಪ್ಲೇಟ್‌ಲೆಟ್ 1 ಲಕ್ಷಕ್ಕಿಂತ ಮೇಲೆ, ಐಎನ್‌ಆರ್ 1.3ರ ಒಳಗೆ, ಫೈಬ್ರಿನೋಜನ್ ಡೆಸಿಲೀಟರಿಗೆ 200 ಮಿಲಿಗ್ರಾಂ ಆಸುಪಾಸು, ಹೊಂದಾಣಿಕೆ ಮಾಡಿಟ್ಟ ರಕ್ತ. ಮತ್ತೆ ಕ್ರಿಯಾಟಿನಿನ್, ಅದು ಈಗ ಬೇಕಿಲ್ಲದಿದ್ದರೂ ಹೆಪಾರಿನ್ ಬರೆಯುವ ದಿನ ಬೇಕಾಗುತ್ತದೆ. ರಕ್ತ ಹೆಚ್ಚು ಹರಿಯುವ ದೊಡ್ಡ ಮೆನಿಂಜಿಯೋಮಾ ಆದರೆ ಅದಕ್ಕೆ ರಕ್ತ ಉಣಿಸುವ ನಾಳಗಳನ್ನು ಮೊದಲೇ ಮುಚ್ಚಿಸಬಹುದೇ ಎಂದು ಶಸ್ತ್ರಚಿಕಿತ್ಸಕರನ್ನು ಕೇಳಿಬಿಡಿ.

ಮೇಜಿನ ಮೇಲೆ

ಅರಿವಳಿಕೆ ಶುರುವಾಗುವ ಮೊದಲೇ ಕಾಲಿಗೆ ಗಾಳಿ ತುಂಬಿ ಒತ್ತುವ ಪಟ್ಟಿಗಳನ್ನು ಕಟ್ಟಿ ಯಂತ್ರ ಓಡಿಸಬೇಕು. ಬಟ್ಟೆ ಹೊದಿಸಿ ಮುಗಿದ ಮೇಲೆ ಕಾಲಿನ ಕಡೆ ಯಾರೂ ಹೋಗುವುದಿಲ್ಲ.

ಉಳಿದದ್ದು ರಕ್ತಕ್ಕೆ ಹೆಪ್ಪುಗಟ್ಟಲು ಬೇಕಾದ ಪರಿಸ್ಥಿತಿಯನ್ನು ಕಾಪಾಡುವುದು. ಹಾಲು ಹೆಪ್ಪಾಗಲು ಹೇಗೆ ಬೆಚ್ಚಗಿರಬೇಕೋ ರಕ್ತಕ್ಕೂ ಹಾಗೆಯೇ. ಮೈ 36 ಡಿಗ್ರಿಗಿಂತ ತಣ್ಣಗಾಗಬಾರದು. ರಕ್ತ ಆಮ್ಲೀಯವಾಗಬಾರದು. ರಕ್ತದ ಚೀಲಗಳು ಒಂದರ ಹಿಂದೊಂದು ಹೋಗುವಾಗ ಅವುಗಳಲ್ಲಿರುವ ಸಿಟ್ರೇಟ್ ಕ್ಯಾಲ್ಸಿಯಂ ಅನ್ನು ಕಸಿಯುತ್ತದೆ, ಅಯಾನು ರೂಪದ ಕ್ಯಾಲ್ಸಿಯಂ ಲೀಟರಿಗೆ 1.1 ಮಿಲಿಮೋಲ್ ಮೇಲಿರಲಿ. ಹೈಡ್ರಾಕ್ಸಿಈಥೈಲ್ ಸ್ಟಾರ್ಚ್ ದ್ರಾವಣಗಳು ಹೆಪ್ಪುಗಟ್ಟುವುದನ್ನೇ ಕೆಡಿಸುವುದರಿಂದ ನನ್ನ ಟ್ರಾಲಿಯಲ್ಲಿ ಅವಕ್ಕೆ ಜಾಗವಿಲ್ಲ. ರಕ್ತ ಹೆಚ್ಚು ಹೋಗುವ ಗಡ್ಡೆಗಳಲ್ಲಿ, ಕಟ್ಟಿದ ಹೆಪ್ಪು ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಮ್ಲವನ್ನು ಕಿಲೋಗೆ 10ರಿಂದ 15 ಮಿಲಿಗ್ರಾಂ ಲೆಕ್ಕದಲ್ಲಿ ಚರ್ಮ ಕೊಯ್ಯುವ ಮೊದಲು 10 ನಿಮಿಷದಲ್ಲಿ ಕೊಟ್ಟು, ನಂತರ ಗಂಟೆಗೆ ಕಿಲೋಗೆ 1 ಮಿಲಿಗ್ರಾಂನಂತೆ ಹರಿಸುತ್ತೇನೆ. ಹೆಚ್ಚಿನ ಪ್ರಮಾಣದಲ್ಲಿ ಅದು ಫಿಟ್ಸ್ ತರುತ್ತದೆ, ಮಿದುಳಿನ ರೋಗಿಯಲ್ಲಿ ಅದು ಸಣ್ಣ ಮಾತಲ್ಲ. ಇತ್ತೀಚೆಗಷ್ಟೇ ಗರಣೆಯಾದವರಿಗೆ ಕೊಡುವ ಮೊದಲು ಎರಡು ಸಲ ಯೋಚಿಸಿ.

ಶಸ್ತ್ರಚಿಕಿತ್ಸಕರು ‘ಎಲ್ಲೆಲ್ಲೂ ಜಿನುಗುತ್ತಿದೆ, ಒಂದು ಬಿಂದು ತೋರಿಸಲಾಗುತ್ತಿಲ್ಲ’ ಎಂದರೆ ಸುಟ್ಟು ನಿಲ್ಲಿಸುವ ರಕ್ತಸ್ರಾವ ಅದಲ್ಲ. ಮಿದುಳಿನ ಅಂಗಾಂಶದಿಂದ ಟಿಶ್ಯೂ ಫ್ಯಾಕ್ಟರ್ ರಕ್ತಕ್ಕೆ ಸೇರಿ ಹೆಪ್ಪಿನ ಸಾಮಗ್ರಿಯೆಲ್ಲ ಖರ್ಚಾಗುತ್ತಿರಬಹುದು. ತಕ್ಷಣ ಪ್ಲೇಟ್‌ಲೆಟ್, ಫೈಬ್ರಿನೋಜನ್, ಐಎನ್‌ಆರ್ ಕಳಿಸಿ. ಹೆಪ್ಪು ಕಟ್ಟುವ ರೀತಿಯನ್ನು ಗೆರೆ ಎಳೆದು ತೋರಿಸುವ ಥ್ರಾಂಬೋಎಲಾಸ್ಟೋಗ್ರಫಿ ಯಂತ್ರವಿದ್ದರೆ ಯಾವುದು ಕಡಿಮೆ ಎಂದು ಬೇಗ ತಿಳಿಯುತ್ತದೆ. ಫೈಬ್ರಿನೋಜನ್ ಇಳಿದಿದ್ದರೆ, ಅದು ಹೇರಳವಾಗಿರುವ ಕ್ರಯೋಪ್ರೆಸಿಪಿಟೇಟ್. ಏನು ಕಡಿಮೆಯೋ ಅದನ್ನು ಕೊಡಿ, ಕಣ್ಣು ಮುಚ್ಚಿ ಪ್ಲಾಸ್ಮಾ ಸುರಿಯಬೇಡಿ.

ಗಡ್ಡೆ ಹೊರಬಂದ ಮೇಲಿನ ಕಾಲು ಗಂಟೆ ನನಗೆ ಇಡೀ ದಿನದಲ್ಲಿ ಅತಿ ಮುಖ್ಯ. ಶಸ್ತ್ರಚಿಕಿತ್ಸಕರು ಖಾಲಿಯಾದ ಗುಳಿಗೆ ಬೆಚ್ಚಗಿನ ಸಲೈನ್ ತುಂಬುತ್ತಾರೆ. ಸೂಕ್ಷ್ಮದರ್ಶಕದ ಬೆಳಕಿನಲ್ಲಿ ನೀರು ತಿಳಿಯಾಗಿ ನಿಲ್ಲುತ್ತದೆ. ಎಲ್ಲಾದರೂ ರಕ್ತ ಒಸರುತ್ತಿದ್ದರೆ ತಳದಿಂದ ಕೆಂಪು ಎಳೆಯೊಂದು ತೆಳ್ಳಗೆ ಸುರುಳಿಬಿಡುತ್ತ ಮೇಲೇಳುತ್ತದೆ. ಆ ಎಳೆಯ ಬುಡ ಹುಡುಕಿ ವಿದ್ಯುತ್ತಿನಿಂದ ಸುಡುವ ಬೈಪೋಲಾರ್ ಚಿಮಟದಿಂದ ಮುಟ್ಟಿಸಿ, ರಕ್ತ ನಿಲ್ಲಿಸುವ ಆಕ್ಸಿಡೈಸ್ಡ್ ಸೆಲ್ಯುಲೋಸ್ ಹಾಸಿ, ಮತ್ತೆ ಸಲೈನ್ ತುಂಬಿ ನೋಡುತ್ತಾರೆ. ಆಗ ರಕ್ತದೊತ್ತಡ ಅರಿವಳಿಕೆಯಿಂದಾಗಿ 95ರಲ್ಲಿ ತೂಕಡಿಸುತ್ತಿದ್ದರೆ ತಿಳಿನೀರಿಗೆ ಬೆಲೆಯಿಲ್ಲ. ರೋಗಿಯ ಮಾಮೂಲಿ ಒತ್ತಡಕ್ಕೆ ಏರಿಸಿ, ಶ್ವಾಸಕೋಶವನ್ನು ಕೆಲವು ಸೆಕೆಂಡು ಉಬ್ಬಿಸಿ ಹಿಡಿದು, ಆಗಲೂ ನೀರು ತಿಳಿಯಾಗಿಯೇ ಉಳಿದರೆ ಮಾತ್ರ ಮುಚ್ಚಿ ಎನ್ನುತ್ತೇನೆ. ಎಚ್ಚರಿಸುವಾಗ ಕೆಮ್ಮು, ವಾಂತಿ, ಏರುವ ಬಿಪಿ ಈ ಮೂರನ್ನೂ ಮೊದಲೇ ಕಟ್ಟಿಹಾಕಬೇಕು. ಮೇಲಿನ ಅಂಕಿ 140ರ ಒಳಗಿರಲಿ.

ಮೊದಲ ರಾತ್ರಿ ಮತ್ತು ಮೊದಲ ಸೂಜಿ

ಕುತ್ತು ತರುವ ರಕ್ತಸ್ರಾವಗಳಲ್ಲಿ ಬಹಳಷ್ಟು ಮೊದಲ 6 ಗಂಟೆಯೊಳಗೆ ಗೊತ್ತಾಗುತ್ತವೆ. ಆ ಹೊತ್ತಿನಲ್ಲಿ ನರ್ಸ್ ಹೇಳುವ ‘ಡಾಕ್ಟರ್, ಆಗ ಮಾತಾಡುತ್ತಿದ್ದರು, ಈಗ ಸ್ವಲ್ಪ ಮಂಪರು’ ಎಂಬ ಮಾತನ್ನು ಅರಿವಳಿಕೆಯ ಗುಂಗು ಎಂದು ತಳ್ಳಿಹಾಕಬೇಡಿ. ಒಮ್ಮೆ ಎಚ್ಚರಾದವರು ಮತ್ತೆ ಮಂಕಾದರೆ, ಒಂದು ಕೈ ಸೋತರೆ, ಒಂದು ಕಣ್ಣಿನ ಪಾಪೆ ಹಿಗ್ಗಿದರೆ ನೇರ ಸಿಟಿ ಸ್ಕ್ಯಾನ್. ರಕ್ತದ ಪರೀಕ್ಷೆ ಕಳಿಸಿ, ಆದರೆ ಅದರ ಉತ್ತರಕ್ಕೆ ಕಾಯುತ್ತ ನಿಲ್ಲಬೇಡಿ. ಬಿಪಿ ಏರಿ ನಾಡಿ ನಿಧಾನವಾಗುವವರೆಗೆ ಕಾದರೆ ತಡವಾಯಿತೆಂದೇ ಅರ್ಥ.

ಹೆಪಾರಿನ್ ಯಾವಾಗ ಎಂಬ ಜಗಳಕ್ಕೆ 1998ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳು ಒಳ್ಳೆಯ ಬೇಲಿ ಹಾಕಿವೆ. ಒಂದರಲ್ಲಿ ನರಶಸ್ತ್ರಚಿಕಿತ್ಸೆಯಾಗಿ 24 ಗಂಟೆಯೊಳಗೆ ಎನಾಕ್ಸಾಪರಿನ್ ಶುರುಮಾಡಿದಾಗ, ಬರೀ ಬಿಗಿಯಾಗಿ ಒತ್ತುವ ಕಾಲುಚೀಲ ಹಾಕಿಕೊಂಡವರಲ್ಲಿ ನೂರಕ್ಕೆ 32ರಷ್ಟಿದ್ದ ಗರಣೆ 17ಕ್ಕೆ ಇಳಿಯಿತು. ದೊಡ್ಡ ರಕ್ತಸ್ರಾವ ಎರಡೂ ಗುಂಪಿನಲ್ಲಿ ಸುಮಾರು 3ರಷ್ಟೇ ಇತ್ತು. ಇನ್ನೊಂದರಲ್ಲಿ ಮಿದುಳು ಗಡ್ಡೆಯವರಿಗೆ ಅದೇ ಔಷಧವನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ಕೊಟ್ಟರು. ತಲೆಯೊಳಗೆ ರಕ್ತಸ್ರಾವ ಹೆಚ್ಚಾಗಿ ಅಧ್ಯಯನವನ್ನೇ ನಿಲ್ಲಿಸಬೇಕಾಯಿತು. ಔಷಧ ಒಂದೇ, ಹೊತ್ತು ಬೇರೆ.

ನನ್ನ ಕ್ರಮ ಇದು. ಮರುದಿನ ಸಿಟಿ ಸ್ಕ್ಯಾನ್. ಹೊಸ ರಕ್ತ ಕಾಣದಿದ್ದರೆ, ಪ್ಲೇಟ್‌ಲೆಟ್ ಸರಿಯಿದ್ದರೆ, ಶಸ್ತ್ರಚಿಕಿತ್ಸೆ ಮುಗಿದ 24ರಿಂದ 48 ಗಂಟೆಯ ನಡುವೆ ಎನಾಕ್ಸಾಪರಿನ್ 40 ಮಿಲಿಗ್ರಾಂ, ದಿನಕ್ಕೊಮ್ಮೆ ಚರ್ಮದಡಿಗೆ. ಮೂತ್ರಪಿಂಡದ ಸೋಸುವ ಶಕ್ತಿ ನಿಮಿಷಕ್ಕೆ 30 ಮಿಲಿಲೀಟರಿಗಿಂತ ಇಳಿದಿದ್ದರೆ ಮಾಮೂಲಿ ಹೆಪಾರಿನ್ 5000 ಯೂನಿಟ್, ದಿನಕ್ಕೆ ಎರಡು ಅಥವಾ ಮೂರು ಸಲ. ‘ಮುಂದೆ ನೋಡೋಣ’ ಎಂದು ಬರೆಯುವವರು ದಯವಿಟ್ಟು ಯಾವಾಗ ನೋಡುತ್ತೀರಿ ಎಂದೂ ಬರೆಯಿರಿ. ಹೆಪಾರಿನ್ ಶುರುವಾದ 5ರಿಂದ 10 ದಿನಗಳಲ್ಲಿ ಪ್ಲೇಟ್‌ಲೆಟ್ ಅರ್ಧಕ್ಕಿಳಿದರೆ ಹೆಪಾರಿನ್ನೇ ಕಾರಣವಿರಬಹುದು. ಆಗ ಸೂಜಿಯಷ್ಟೇ ಅಲ್ಲ, ನಳಿಕೆ ತೊಳೆಯಲು ಬಳಸುವ ಹೆಪಾರಿನ್ ನೀರನ್ನೂ ನಿಲ್ಲಿಸಬೇಕು.

ಸೂಜಿ ಶುರುವಾಗುವವರೆಗೂ, ಆಮೇಲೂ, ಕಾಲಿನ ಪಟ್ಟಿ ಓಡುತ್ತಿರಬೇಕು. ಸುತ್ತು ಹೋಗುವಾಗ ಹೊದಿಕೆ ಸರಿಸಿ ನೋಡಿ. ಯಂತ್ರದ ಹಸಿರು ದೀಪ ಉರಿಯುತ್ತಿರುತ್ತದೆ, ಉಸ್ಸೆಂದು ಗಾಳಿಯೂ ಹೋಗುತ್ತಿರುತ್ತದೆ, ಪಟ್ಟಿ ಮಾತ್ರ ಮೈ ಒರೆಸುವಾಗ ಬಿಚ್ಚಿದ್ದು ಮಂಚದ ಕಂಬಿಗೆ ನೇತಾಡುತ್ತಿರುತ್ತದೆ.

ಕಾಲು ಊದಿದಾಗ

ಸ್ವಾಧೀನವಿಲ್ಲದ ಕಾಲನ್ನು ಮೊದಲು ನೋಡಿ, ಅದು ನೋವನ್ನು ಹೇಳಿಕೊಳ್ಳುವುದಿಲ್ಲ. ಮಂಡಿಚಿಪ್ಪಿನ ಕೆಳಗಿನ ಮೂಳೆಯ ಉಬ್ಬಿನಿಂದ 10 ಸೆಂಟಿಮೀಟರ್ ಕೆಳಗೆ ಎರಡೂ ಮೀನಖಂಡಗಳ ಸುತ್ತಳತೆ ಟೇಪಿನಿಂದ ಅಳೆಯಿರಿ. 3 ಸೆಂಟಿಮೀಟರ್‌ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಆ ಕಾಲಿನ ಪಟ್ಟಿ ಬಿಚ್ಚಿಸಿ ರಕ್ತನಾಳದ ಡಾಪ್ಲರ್ ಸ್ಕ್ಯಾನ್ ಮಾಡಿಸಿ. ಗರಣೆಯ ಸುಳಿವು ಹುಡುಕುವ ಡಿ-ಡೈಮರ್ ರಕ್ತಪರೀಕ್ಷೆ ಕಳಿಸಬೇಡಿ, ಶಸ್ತ್ರಚಿಕಿತ್ಸೆಯಾದ ಎಲ್ಲರಲ್ಲೂ ಅದು ಏರಿರುತ್ತದೆ. ಜ್ವರವಿಲ್ಲದೆ ನಾಡಿ ಏರಿದರೆ, ಆಮ್ಲಜನಕದ ಅಂಕಿ ಕಾರಣವಿಲ್ಲದೆ ಇಳಿದರೆ ಶ್ವಾಸಕೋಶದ ಸಿಟಿ ಆಂಜಿಯೋಗ್ರಾಂ.

ಗರಣೆ ಸಿಕ್ಕಿತು, ತಲೆಯ ಗಾಯ ಇನ್ನೂ ಹಸಿ. ಇಲ್ಲಿ ಎಲ್ಲರಿಗೂ ಒಪ್ಪುವ ಒಂದೇ ಉತ್ತರವಿಲ್ಲ. ಮೊದಲ ಕೆಲವು ದಿನಗಳಲ್ಲಿ ತೊಡೆಯ ದೊಡ್ಡ ಅಭಿಧಮನಿಯ ಗರಣೆಗೆ, ಆಮೇಲೆ ತೆಗೆಯಬಹುದಾದ ಫಿಲ್ಟರನ್ನು ಕೆಳ ಮಹಾಭಿಧಮನಿಯಲ್ಲಿ ಇರಿಸುವುದು ಒಂದು ದಾರಿ. ರೋಗಿಯ ಸ್ಥಿತಿ ಕೆಡುತ್ತಿದ್ದರೆ ಐಸಿಯುನಲ್ಲಿ, ಮೊದಲಿಗೆ ದೊಡ್ಡ ಡೋಸ್ ಹೊಡೆಯದೆ, ಹೆಪಾರಿನ್ ಡ್ರಿಪ್ ಶುರುಮಾಡುವುದು ಇನ್ನೊಂದು. ತಲೆಯಲ್ಲಿ ಕೆಟ್ಟರೆ ಡ್ರಿಪ್ ನಿಲ್ಲಿಸಿ ಹೆಪಾರಿನ್‌ನ ಪ್ರತ್ಯೌಷಧವಾದ ಪ್ರೋಟಮಿನ್ ಕೊಡಬಹುದು ಎಂಬುದೇ ಅದರ ಗುಣ. ಎನಾಕ್ಸಾಪರಿನ್ ಅನ್ನು ಪ್ರೋಟಮಿನ್ ಪೂರ್ತಿ ಅಳಿಸಲಾರದು. ಒಂದೆರಡು ವಾರ ಕಳೆದು ಸ್ಕ್ಯಾನ್ ತಿಳಿಯಾಗಿದ್ದರೆ ಪೂರ್ಣ ಚಿಕಿತ್ಸೆಗೆ ಹೆಚ್ಚಿನ ರೋಗಿಗಳು ತಡೆದುಕೊಳ್ಳುತ್ತಾರೆ. ತಲೆಯೊಳಗೆ ಗಡ್ಡೆ ಉಳಿದಿದೆ ಎಂಬುದೊಂದೇ ಕಾರಣಕ್ಕೆ ಚಿಕಿತ್ಸೆ ನಿರಾಕರಿಸುವಂತಿಲ್ಲ. ಮೆಲನೋಮಾ, ಮೂತ್ರಪಿಂಡ ಅಥವಾ ಥೈರಾಯ್ಡ್ ಕ್ಯಾನ್ಸರಿನಿಂದ ಹರಡಿ ಬಂದ ಗಡ್ಡೆಗಳು ತಾವಾಗಿಯೇ ರಕ್ತ ಸುರಿಸುವ ಸ್ವಭಾವದವು, ಅಲ್ಲಿ ಕೈ ಬಿಗಿಹಿಡಿಯಬೇಕು. ಮಾತ್ರೆಗೆ ಬದಲಿಸುವಾಗ ಫಿಟ್ಸಿನ ಔಷಧ ಯಾವುದೆಂದು ನೋಡಿ. ಫೆನಿಟಾಯಿನ್, ಕಾರ್ಬಮಜೆಪಿನ್, ಫಿನೋಬಾರ್ಬಿಟಾಲ್ ಅಪಿಕ್ಸಾಬಾನ್, ರಿವರಾಕ್ಸಾಬಾನ್‌ಗಳನ್ನು ಬೇಗ ಕರಗಿಸಿ ನಿಷ್ಫಲ ಮಾಡುತ್ತವೆ.

ಮನೆಗೆ ಕಳಿಸುವ ಚೀಟಿ

ನಿಲ್ಲಿಸಿದ್ದ ಆಸ್ಪಿರಿನ್ ಸಾಮಾನ್ಯವಾಗಿ ಒಂದರಿಂದ ಎರಡು ವಾರದೊಳಗೆ, ಸ್ಕ್ಯಾನ್ ನೋಡಿಕೊಂಡು, ಮರಳುತ್ತದೆ. ಲೋಹದ ಕವಾಟದವರ ವಾರ್ಫರಿನ್ ಕೂಡ ಹೆಚ್ಚುಕಡಿಮೆ ಅದೇ ಹೊತ್ತಿಗೆ. ‘ವೈದ್ಯರ ಸಲಹೆಯಂತೆ ಮುಂದುವರಿಸಿ’ ಎಂದು ಬರೆದರೆ ಮನೆಯವರು ಏನು ಮಾಡಬೇಕು? ಮಾತ್ರೆಯ ಹೆಸರು, ಶುರುಮಾಡುವ ತಾರೀಖು, ಅನುಮಾನ ಬಂದರೆ ಯಾರಿಗೆ ಫೋನ್ ಮಾಡಬೇಕು ಎಂಬುದನ್ನು ಬರೆಯಿರಿ. ಒಂದು ಕಾಲು ಊದಿದರೆ, ಏದುಸಿರು ಅಥವಾ ಎದೆನೋವು ಬಂದರೆ, ತಲೆನೋವು ದಿನದಿಂದ ದಿನಕ್ಕೆ ಏರಿದರೆ ಕಾಯದೆ ಬರಬೇಕೆಂದು ಬಾಯಿಬಿಟ್ಟು ಹೇಳಿ, ಅವರಿಂದಲೇ ಒಮ್ಮೆ ತಿರುಗಿ ಹೇಳಿಸಿ. ಮನೆಯಲ್ಲೂ ಎನಾಕ್ಸಾಪರಿನ್ ಮುಂದುವರಿಯುವುದಾದರೆ ಚುಚ್ಚುವವರು ಹೊರಡುವ ಮೊದಲು ವಾರ್ಡಿನಲ್ಲಿ ನಿಮ್ಮ ಕಣ್ಣೆದುರೇ ಒಮ್ಮೆ ಚುಚ್ಚಲಿ. ಫಿಲ್ಟರ್ ಇರಿಸಿದ್ದರೆ ಅದನ್ನು ತೆಗೆಯುವ ತಾರೀಖನ್ನು ಇರಿಸಿದ ದಿನವೇ ಗೊತ್ತುಮಾಡಿ ಚೀಟಿಯ ಮೊದಲ ಸಾಲಿನಲ್ಲಿ ಬರೆಯಿರಿ. ಕೊನೆಯ ಸಾಲಿನಲ್ಲಿ ಬರೆದದ್ದನ್ನು ಯಾರೂ ಓದುವುದಿಲ್ಲ.